ಇಪ್ಪತ್ತೊಂದು ಬೇರಿನ ಪುಡಿ

ಸಂಪಗಾಂವದ ಮಡಿವಾಳೆಪ್ಪ ಮೊಣಕಾಲು ನೋವಿಗೆ ಇಪ್ಪತ್ತೊಂದು ಬೇರಿನ ಪುಡಿ ಕೊಡುತ್ತಿದ್ದ. ರಾಮದುರ್ಗ, ಸವದತ್ತಿ ಕಡೆಯಿಂದ ಜನ ಟೆಂಪೊ ತುಂಬಿ ಬರುತ್ತಿದ್ದರು. ತಿಂಗಳೊಳಗೆ ಅವರ ನೋವು ಹೋಗಿ ಮುಖ ಊದಿಕೊಳ್ಳುತ್ತಿತ್ತು. ಊರಿನ ಬುದ್ಧಿವಂತರು ಅದನ್ನೇ ಆರೋಗ್ಯ ಎಂದರು. ಅವನ ಹೆಂಡತಿ ಗುರುಬಸವ್ವ ಮಾತ್ರ ಎಂಟು ವರ್ಷ ಅವನ ಪುಡಿ ನುಂಗಿಯೂ ನೆಲದ ಮೇಲೆ ತೆವಳುತ್ತಲೇ ಅಡುಗೆ ಮಾಡುತ್ತಿದ್ದಳು.

"ಗಂಡನ ಕೈಗುಣದ ಮ್ಯಾಲ ಆಕಿಗೆ ನಂಬಿಗಿ ಇಲ್ಲ," ಎಂದು ಹೆಂಗಸರು ಅವಳ ಎದುರಿಗೇ ಆಡಿಕೊಂಡರು.

ಮಗಳು ಶೈಲಜಾ ಪುಣೆಯ ಒಂದು ಪ್ರಯೋಗಾಲಯದಲ್ಲಿದ್ದಳು. ಯಾವ ಬೇರಿನಲ್ಲಿ ಈ ಗುಣವಿದೆ ಎಂದು ಜಗತ್ತಿಗೆ ತೋರಿಸುವ ಹುಮ್ಮಸ್ಸಿನಿಂದ 2003ರಲ್ಲಿ ಗಿರಾಕಿಗಳಿಗೆ ಕೊಡುವ ಆ ಪುಡಿ ಒಯ್ದಳು. ಪುಡಿಯನ್ನು ದ್ರವದಲ್ಲಿ ಕರಗಿಸಿ ಯಂತ್ರದ ಕೊಳವೆಯಲ್ಲಿ ಹಾಯಿಸಿದರೆ, ಎಲ್ಲ ಬೇರುಗಳೂ ಕಲಸಿಕೊಂಡು ಯಂತ್ರ ಗೆರೆ ಎಳೆಯುವ ಕಾಗದದ ಮೇಲೆ ಒಂದೇ ಗುಡ್ಡ ಮೂಡಿತು. ಹೊರಬಂದ ದ್ರವವನ್ನು ಪಾಲು ಪಾಲಾಗಿ ಹಿಡಿದು, ಬೇರೆ ಗುಣದ ಎರಡನೆಯ ಕೊಳವೆಯಲ್ಲಿ ಹಾಯಿಸಿದಳು. ಆಗ ಗುಡ್ಡದೊಳಗೆ ಅಡಗಿದ್ದ ಚೂಪಾದ ಗೆರೆಯೊಂದು ಎದ್ದು ನಿಂತಿತು. ಅದು ಬೇರಲ್ಲ, ನೋವು ಅಡಗಿಸಿ ಮುಖ ಊದಿಸುವ, ಔಷಧ ಅಂಗಡಿಯ ಸ್ಟೀರಾಯ್ಡ್ ಗುಳಿಗೆ.

ಅವ್ವನೂ ಇದನ್ನೇ ತಿನ್ನುತ್ತಿದ್ದಾಳೆಂದು ಗಾಬರಿಯಾಗಿ ಅವಳ ಡಬ್ಬಿಯ ಪುಡಿಯನ್ನೂ ತರಿಸಿ ಎರಡೂ ಕೊಳವೆ ದಾಟಿಸಿದಳು. ಆ ಗೆರೆ ಬರಲೇ ಇಲ್ಲ. ಅದರಲ್ಲಿದ್ದದ್ದು ಬರೀ ಬೇರು.

ಊರಿಗೆ ಬಂದು ಅಪ್ಪನನ್ನು ಕೇಳಿದಳು. "ಯಪ್ಪಾ, ಎಲ್ಲಾರ ಪುಡ್ಯಾಗೂ ಗುಳಿಗಿ ಅರದು ಹಾಕಿದಿ. ಅವ್ವಗ ಯಾಕ ಬರೇ ಬೇರು ಕೊಟ್ಟಿ?"

ಮಡಿವಾಳೆಪ್ಪ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಗಿರಾಕಿ ಹೊಳ್ಳಿ ಬರಬೇಕಲ್ಲ ಯವ್ವಾ," ಎಂದ. "ನಿಮ್ಮವ್ವ ಎಲ್ಲಿ ಹೋಗತಾಳ?"