ಗಿಡ್ಡ ಬಾಗಿಲು

ಕುರುಗೋಡಿನ ನಮ್ಮ ಹಳೆಯ ಮನೆಗೆ ಹೋಗಿ ಬಂದಾಗಲೆಲ್ಲ ನನ್ನ ಹಣೆಯ ಮೇಲೊಂದು ಬುಗುಟೆ ಎದ್ದಿರುತ್ತಿತ್ತು. ಬಳ್ಳಾರಿಯಲ್ಲಿ ಹೆಂಡತಿ ಅದನ್ನು ನೋಡಿಯೇ, ದೊಡ್ಡಮ್ಮ ಆರಾಮಾಗಿದ್ದಾರಾ ಎಂದು ವಿಚಾರಿಸುತ್ತಿದ್ದಳು.

ತಲೆಬಾಗಿಲು ಅಷ್ಟು ಗಿಡ್ಡ. ಒಳಗೆ ಬರುವವರು ಯಾರೇ ಆಗಲಿ, ತಲೆ ಬಗ್ಗಿಸಲಿ ಎಂದು ಹಿರಿಯರು ಬೇಕೆಂದೇ ಹಾಗೆ ಮಾಡಿಸಿದರಂತೆ. ಇದು ದೊಡ್ಡಮ್ಮನ ವಿವರಣೆ. ಹಿರಿಯರು ಮಾಡಿದ್ದಕ್ಕೆಲ್ಲ ಒಂದು ನೀತಿ ಇರಲೇಬೇಕು; ಬಡಗಿ ಅಳತೆ ತಪ್ಪಿರಬಹುದೆಂದು ಯಾರೂ ಹೇಳುವುದಿಲ್ಲ.

ಎಲ್ಲಿ ನೋಡಿದರೂ ಬಂಡೆಗುಡ್ಡಗಳಿರುವ ಸೀಮೆಯಲ್ಲಿ ಮರದ ಮನೆ ಕಟ್ಟಲು ತುಸು ಹಟ ಬೇಕು. ತೇಗದ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಮತ್ತೆ ಬೇವಿನ ಸೊಪ್ಪು, ಮಳೆ ಇಳಿಯದಂತೆ ಮೇಲೆ ಕರಲು ಮಣ್ಣು. ಹೊರಗೆ ಬಿಸಿಲು ಎಷ್ಟೇ ಉರಿಯಲಿ, ಒಳಗೆ ನಿದ್ದೆ ಎಳೆಯುತ್ತದೆ. ಈ ತೇಗವೆಲ್ಲ ತುಂಗಭದ್ರೆಯಲ್ಲಿ ತೇಲಿ ಬಂದು ಸಿರುಗುಪ್ಪದಲ್ಲಿ ದಡ ಹತ್ತಿತೆಂದು ದೊಡ್ಡಮ್ಮನ ಮಗ ರಾಘು ಬಂದವರಿಗೆಲ್ಲ ಹೇಳುತ್ತಾನೆ. ಯಾರು ಹೇಳಿದರೆಂದು ನಾನೊಮ್ಮೆ ಕೇಳಿದರೆ, "ನೀನ ಹೇಳಿದ್ದಿ" ಎಂದ. ಎಂ.ಎ. ಓದುವಾಗ ನಾನು ಬಾಯಿಗೆ ಬಂದಂತೆ ಮಾಡಿದ ಊಹೆ ಮನೆಯ ಇತಿಹಾಸವಾಗಿ ನನಗೇ ವಾಪಸು ಬಂದಿತ್ತು. ಅಂದಿನಿಂದ ದಿನಚರಿಯಲ್ಲಿ ಏನು ಬರೆದರೂ ಕೊನೆಗೆ 'ಇದ್ದರೂ ಇರಬಹುದು' ಎಂದು ಸೇರಿಸುತ್ತೇನೆ.

ಆದ್ದರಿಂದಲೇ ತಾತನ ನೆನಪನ್ನೂ ಒತ್ತಿ ಹೇಳುತ್ತಿರಲಿಲ್ಲ. ಎತ್ತರದ ಆಳು, ಕೆಂಪು ರುಮಾಲು ಸುತ್ತಿಕೊಂಡು, ಆ ಬಾಗಿಲಿನಿಂದ ನೆಟ್ಟಗೆ ನಡೆದು ಬಂದದ್ದನ್ನು ನಾನು ಕಂಡಿದ್ದೇನೆ. ಒಮ್ಮೆ ಹೇಳಿದ್ದಕ್ಕೆ ರಾಘು, "ಸಣ್ಣವರಿಗೆ ಎಲ್ಲಾ ಬಾಗಿಲೂ ದೊಡ್ಡವ ಲೇ" ಎಂದಿದ್ದ. ನನಗೂ ಅದೇ ಸರಿಯೆನಿಸಿತ್ತು.

ಕಳೆದ ಬೇಸಿಗೆಯಲ್ಲಿ ರಾಘುವಿನ ನೆತ್ತಿಗೇ ಹೊಲಿಗೆ ಬಿದ್ದವು. ಚೌಕಟ್ಟಿನ ಮೇಲಿನ ಅಡ್ಡಮರ ಕೊಯ್ಯಿಸುವುದೆಂದು ಹಟ ಹಿಡಿದು ಸಿರುಗುಪ್ಪದ ಬಡಗಿಗೆ ಹೇಳಿ ಕಳಿಸಿದ. ಆ ಅಡ್ಡಮರದಲ್ಲಿ ಗಜಲಕ್ಷ್ಮಿ ಇದ್ದಾಳೆ. ದೊಡ್ಡಮ್ಮ ಜಗಳವಾಡಲಿಲ್ಲ. "ಲಕ್ಷ್ಮಿ ಕೈ ಹಿಡಕೊಂಡು ಒಳಗ ಬಂದಾಕಿ ನಾನು. ಅಕೀನ್ನ ಕೊಯ್ದ್ರ ಇನ್ ಮ್ಯಾಲೆ ಹಿತ್ತಲ ಬಾಗಿಲಾಗ ಓಡಾಡ್ತೀನಿ, ಅಷ್ಟ" ಎಂದರು. ಪಂಚಾಯಿತಿಗೆ ನನ್ನನ್ನು ಕರೆಸಿದರು. ಇಬ್ಬರಿಗೂ ಹೌದೆನ್ನುವುದು ನನ್ನ ವಿದ್ಯೆ. ಹೌದೆಂದು ಹೇಳಿ ಹೇಳಿ ದಣಿದು, ಹೊರಡೋಣವೆಂದು ಬಾಗಿಲೆದುರು ಕುಕ್ಕರಗಾಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದೆ.

ಆಗ ಕದದ ಕೆಳತುದಿ ಕಣ್ಣಿಗೆ ಬಿತ್ತು. ಅಲ್ಲಿ ಅರ್ಧ ಸೂರ್ಯನ ಕೆತ್ತನೆಯಿದೆ. ಪೂರ್ವದ ಬಾಗಿಲಿಗೆ ಮೂಡುವ ಸೂರ್ಯ ಎಂದು ನಾವೆಲ್ಲ ನಂಬಿದ್ದೆವು. ಮೇಲೆ ನೋಡಿದರೆ ಅದೇ ಎಸಳುಗಳ ಪೂರ್ತಿ ಕಮಲ. ಇದು ಸೂರ್ಯನಲ್ಲ, ಯಾರೋ ಗರಗಸ ಹಾಕಿ ಅರ್ಧ ಮಾಡಿದ ಕಮಲ! ಬಾಗಿಲು ಗಿಡ್ಡವಾಗಿರಲಿಲ್ಲ, ನೆಲ ಎದ್ದಿತ್ತು.

ಟೈಲ್ಸ್ ಎಬ್ಬಿಸಿದರೆ ಶಹಾಬಾದ್ ಬಂಡೆ, ಅದರಡಿ ಗಾರೆ, ಕೆಳಗೆ ಸಗಣಿ ಸಾರಿಸಿದ ಮಣ್ಣು. ಅದರ ಮಟ್ಟಕ್ಕೆ, ನಡೆದು ನಡೆದು ಮಧ್ಯದಲ್ಲಿ ಸವೆದ ಹಳೆಯ ಹೊಸ್ತಿಲು. ಪ್ರತಿ ತಲೆಮಾರೂ ಹಳೆಯದನ್ನು ಕೀಳಲು ಬೇಜಾರಾಗಿ ಅದರ ಮೇಲೆಯೇ ಹೊಸದನ್ನು ಹಾಸಿತ್ತು. ನಮ್ಮ ಮನೆತನದ ವಿನಯವೆಲ್ಲ ಆ ಸೋಮಾರಿತನದಿಂದ ಬಂದದ್ದು.

ಬಡಗಿ ಬಂದು ಅಡ್ಡಮರ ಮುಟ್ಟಲಿಲ್ಲ. ಹಳೆಯ ಮಟ್ಟಕ್ಕೆ ಇಳಿಸಿದ ನೆಲವನ್ನು ಮುಟ್ಟುವಂತೆ ಕದಗಳ ಬುಡಕ್ಕೆ ಹಲಗೆ ಕೂಡಿಸಿ ಹೋದ. ದೊಡ್ಡಮ್ಮ ಅದನ್ನು ಸವರಿ, "ಸೂರ್ಯಗ ಮುಳುಗಾಕ ಜಾಗ ಆತು" ಎಂದರು. ಅವರ ಪಾಲಿಗೆ ಅದು ಇನ್ನೂ ಸೂರ್ಯನೇ.

ನಾನು ಬೀಗುತ್ತ ದೊಡ್ಡಮ್ಮನೆದುರು ತಾತನ ಮಾತೆತ್ತಿದೆ.

"ಬಾಗಿಲು ಖರೆ ಐತಪ. ರುಮಾಲು ಸುಳ್ಳು. ನಿಮ್ ತಾತ ಕರಿ ಟೊಪ್ಪಿಗಿ ಬಿಟ್ಟು ಬ್ಯಾರೇದು ಹಾಕಿದೋರ ಅಲ್ಲ."

ಬಸ್ಸಿನ ಹೊತ್ತಾಗಿತ್ತು. ಹೊಸ ಎತ್ತರದ ಬಾಗಿಲನ್ನು ದಾಟಿ ಅಂಗಳಕ್ಕಿಳಿದ ಮೇಲೆ ತಿಳಿಯಿತು, ತಲೆ ಬಗ್ಗಿಸಿಯೇ ಬಂದಿದ್ದೆ. ರಾಘು ನಗುತ್ತಾನೇನೋ ಎಂದು ಹಿಂತಿರುಗಿ ನೋಡಿದೆ. ನನ್ನ ಚೀಲ ಹಿಡಿದು ಅವನೂ ಬಗ್ಗಿಕೊಂಡೇ ಬರುತ್ತಿದ್ದ.