ಪರಮೇಶ್ವರಪ್ಪನವರ ರಿವರ್ಸ್ ಗೇರ್

ಸೀತೂರಿನ ಪರಮೇಶ್ವರಪ್ಪನವರ ಟ್ರಾಕ್ಟರ್ ಹದಿನಾಲ್ಕು ವರ್ಷಗಳಿಂದ ಹಿಂದಕ್ಕೆ ಹೋಗಿರಲಿಲ್ಲ. ಅವರಪ್ಪ ಅರವತ್ತೊಂಬತ್ತನೇ ಇಸವಿಯಲ್ಲಿ ತಂದ ಗಾಡಿ ಅದು. ಅದನ್ನು ತಯಾರು ಮಾಡಿದ ದೇಶವೇ ಒಡೆದು ಎರಡಾಗಿ ಮೂವತ್ತು ವರ್ಷ ದಾಟಿತು, ಭೂಪಟದಲ್ಲಿ ಹುಡುಕಿದರೂ ಸಿಗುವುದಿಲ್ಲ. ಟ್ರಾಕ್ಟರ್ ಮಾತ್ರ ಸೀತೂರಿನಲ್ಲಿ ಗಟ್ಟಿಮುಟ್ಟಾಗಿ ಕೂತು ಹೊಗೆ ಬಿಡುತ್ತಿದೆ. ರಿವರ್ಸ್ ಗೇರಿನ ಹಲ್ಲು ಮುರಿದ ದಿನ ಬೇರೆ ಯಾರಾದರೂ ಆಗಿದ್ದರೆ ಅದನ್ನು ಗುಜರಿಗೆ ಹಾಕಿ ಹೊಸದು ತರುತ್ತಿದ್ದರು. ನಮ್ಮ ಯಜಮಾನರು ಕೊಟ್ಟಿಗೆಯ ಹಿಂದಿನ ಗೋಡೆ ಒಡೆಸಿದರು. ಮುಂಬಾಗಿಲಿನಿಂದ ಒಳಹೋದ ಟ್ರಾಕ್ಟರ್ ಹಿಂಬಾಗಿಲಿನಿಂದ ಹೊರಬರತೊಡಗಿತು. ಊರಿನ ಇಕ್ಕಟ್ಟಾದ ರಸ್ತೆಯಲ್ಲಿ ಎದುರಿಗೆ ಬಂದದ್ದು ಲಾರಿಯಾಗಲಿ, ಶಾಲೆಯ ವ್ಯಾನಾಗಲಿ, ಅದೇ ಹಿಂದೆ ಸರಿಯಬೇಕು. ಇವರು ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತು, ನಮ್ಮದು ಇಟ್ಟ ಹೆಜ್ಜೆ ಹಿಂದಿಡದ ವಂಶ ಎಂದು ಹೇಳಿಕೊಳ್ಳುತ್ತಿದ್ದರು.

ಹಾಗಂತ ಸುಮ್ಮನೆ ಕೂತವರಲ್ಲ. ನರಸಿಂಹರಾಜಪುರದ ಲೇತ್ ಶಾಪಿನ ರೇಣುಕಪ್ಪನಿಂದ ಮೊದಲ ತಿಂಗಳಲ್ಲೇ ಮೂರು ಸಲ ಗೇರ್ ಮಾಡಿಸಿದ್ದರು. ಮೊದಲನೆಯದು ಒಂದು ಸೋಮವಾರ ಬಾಳಿತು. ಎರಡನೆಯದರ ಹಲ್ಲು ವಾರದೊಳಗೆ ಉದುರಿತು. ಮೂರನೆಯದು ಗಟ್ಟಿಯಾಗಿತ್ತು, ಆದರೆ ಅದು ಕಿರುಚಿದ ಕಿರುಚಾಟಕ್ಕೆ ತಮ್ಮ ಎಮ್ಮೆ ಹಾಲು ಬತ್ತಿಸಿಕೊಂಡಿತೆಂದು ಪಕ್ಕದ ಮನೆಯವರು ಜಗಳಕ್ಕೇ ಬಂದು ಬಿಚ್ಚಿಸಿದರು. ಹಲ್ಲನ್ನೇನೋ ಕಡಿದುಕೊಡಬಹುದು, ಆ ಕಾಲದ ಉಕ್ಕನ್ನು ಎಲ್ಲಿಂದ ತರಲಿ ಎಂದು ರೇಣುಕಪ್ಪ ಕೈಮುಗಿದ. ಅಲ್ಲಿಂದ ಶುರುವಾಯಿತು ಯಜಮಾನರ ತೀರ್ಥಯಾತ್ರೆ. ಶಿವಮೊಗ್ಗದ ಗುಜರಿ ಅಂಗಡಿಗಳಾದವು, ಕೊಪ್ಪದ ಗ್ಯಾರೇಜುಗಳಾದವು. ಮೇಗುಂದದಲ್ಲಿ ಒಬ್ಬರು ತೀರಿಕೊಂಡರೆಂದು ಮೂರನೇ ದಿನ ಮಾತಾಡಿಸಲು ಹೋದವರು, ಅಳುತ್ತಿದ್ದ ಹೆಂಗಸಿನ ಹತ್ತಿರ ನಿಮ್ಮ ಶೆಡ್ಡಿನಲ್ಲಿರೋ ಟ್ರಾಕ್ಟರ್ ಯಾವ ಕಂಪನಿಯದು ಎಂದು ಕೇಳಿದ್ದರು. ಬೇರೆ ಕಂಪನಿಯದೆಂದು ಗೊತ್ತಾದ ಮೇಲೆ ಅಲ್ಲಿ ಕಾಫಿಯನ್ನೂ ಕುಡಿಯದೆ ಎದ್ದು ಬಂದ ಪುಣ್ಯಾತ್ಮ.

ಇತ್ತ ಮಗ ಬಸವೇಶನಿಗೆ ಮೂವತ್ತೈದು ತುಂಬಿತ್ತು. ನಾಲ್ಕು ಎಕರೆ ತೋಟವಿದೆ, ಕುಡಿತವಿಲ್ಲ, ಜೋರಾಗಿ ಒಂದು ಮಾತಾಡುವವನಲ್ಲ. ಆದರೇನು, ಈ ಸುತ್ತಿನ ಮೂರು ತಾಲ್ಲೂಕಿನಲ್ಲಿ ಊರಲ್ಲೇ ಇದ್ದು ತೋಟ ನೋಡಿಕೊಳ್ಳುವ ಹುಡುಗನಿಗೆ ಹೆಣ್ಣು ಸಿಗುವುದೆಂದರೆ ಹುಡುಗಾಟವೇ? ಎಂಟು ಕಡೆಯವರು ಫೋಟೋ ನೋಡಿಯೇ ಬೇಡವೆಂದಿದ್ದರು. ತಾಯಿ ಪ್ರೇಮಕ್ಕನಿಗೆ ಹರಕೆ ಹೊರಲು ಇನ್ನು ದೇವರುಗಳೇ ಉಳಿದಿರಲಿಲ್ಲ. ಅಂಥದ್ದರಲ್ಲಿ ಬಾಳೆಹೊನ್ನೂರಿನ ಹತ್ತಿರದ ಸೋಮಶೇಖರಪ್ಪನವರ ಮಗಳು ನಿಶ್ಚಿತಾ, ಸೊಸೈಟಿಯಲ್ಲಿ ಕೆಲಸದಲ್ಲಿರುವವಳು, ತೋಟದ ಹುಡುಗನಾದರೂ ಅಡ್ಡಿಯಿಲ್ಲ ಎಂದಳೆಂದು ದಲ್ಲಾಳಿ ಸುದ್ದಿ ತಂದ. ಪ್ರೇಮಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಪರಮೇಶ್ವರಪ್ಪನವರು ಮಾತ್ರ ಪೇಪರಿನಿಂದ ತಲೆ ಎತ್ತಲಿಲ್ಲ. ಅವರ ಶೆಡ್ಡಿನಲ್ಲೂ ನಿಮ್ಮದೇ ಥರದ ಟ್ರಾಕ್ಟರೊಂದು ಬಿಚ್ಚಿ ಬಿದ್ದಿದೆ ಎಂದು ದಲ್ಲಾಳಿ ಬಾಯಿ ತಪ್ಪಿ ಹೇಳಿದ್ದೇ ತಡ, ಪೇಪರ್ ಮಡಿಸಿದರು. ಇಂಥ ಸಂಬಂಧ ಬಿಡಬಾರದು, ಜಾತಕ ಗೀತಕ ಯಾಕೆ, ಈ ಭಾನುವಾರವೇ ಹೋಗೋಣ ಅಂದರು. ಗಂಡನಿಗೆ ಕೊನೆಗೂ ಮಗನ ಚಿಂತೆ ಹತ್ತಿತೆಂದು ಪ್ರೇಮಕ್ಕ ನಂಬಿದಳು, ಪಾಪ.

ಭಾನುವಾರ ಎಲ್ಲವೂ ಸಾಂಗವಾಗಿಯೇ ನಡೆಯಿತು. ಉಪ್ಪಿಟ್ಟು, ಕೇಸರಿಬಾತು ಬಂದವು. ಹುಡುಗ ಹುಡುಗಿ ಜಗಲಿಯಲ್ಲಿ ಕೂತು ಮಾತಾಡಿದರು. ಬಸವೇಶ ಏನು ಹೇಳಿದನೋ, ನಿಶ್ಚಿತಾ ನಕ್ಕಳು. ಒಂದು ಸಲವಲ್ಲ, ಎರಡು ಸಲ. ಕಿಟಕಿಯಿಂದ ನೋಡಿದ ಪ್ರೇಮಕ್ಕನ ಕಣ್ಣು ತುಂಬಿ ಬಂತು. ಅದೇ ಹೊತ್ತಿಗೆ, ಕೈ ತೊಳೆದು ಬರುತ್ತೇನೆಂದು ಎದ್ದ ಯಜಮಾನರು ಶೆಡ್ಡಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಡಿಭಾಗ ತುಂಬಿಟ್ಟಿದ್ದ ಹಳೇ ಗೊಬ್ಬರದ ಚೀಲದೊಳಗೆ ಕೈಯಾಡಿಸುತ್ತಿದ್ದರು. ಸಿಕ್ಕಿತು. ಹದಿನೇಳು ಹಲ್ಲು, ಒಂದೂ ಮುಕ್ಕಾಗಿರಲಿಲ್ಲ. ಎರಡೆರಡು ಸಲ ಎಣಿಸಿದರು. ಅವರ ಎದೆ ಡವಡವ ಹೊಡೆದುಕೊಂಡಿತು. ತಮ್ಮ ಮದುವೆಯಲ್ಲಿ ಅಷ್ಟು ಹೊಡೆದುಕೊಂಡಿತ್ತೋ ಇಲ್ಲವೋ. ಬಿಳಿ ಪಂಚೆಗೆ ಗ್ರೀಸು ಬಳಿದುಕೊಂಡೇ ನಡುಮನೆಗೆ ಬಂದು ಕೂತರು.

ಹುಡುಗಿ ಕಡೆಯವರಿಗೂ ಮನಸ್ಸಾಗಿತ್ತು. ಗಂಡಿನ ಕಡೆಯಿಂದ ಕೇಳುವುದು ಏನಾದರೂ ಇದ್ದರೆ ಸಂಕೋಚ ಬೇಡ ಎಂದು ಸೋಮಶೇಖರಪ್ಪನವರು ಮರ್ಯಾದೆಗೆ ಒಂದು ಮಾತು ಹೇಳಿದರು. ಈ ಕಾಲದಲ್ಲಿ ಅದಕ್ಕೆ ಉತ್ತರ ಒಂದೇ: ಏನೂ ಬೇಡ, ಹುಡುಗಿಯನ್ನು ಕೊಟ್ಟರೆ ಸಾಕು. ಪರಮೇಶ್ವರಪ್ಪನವರು ಗಂಟಲು ಸರಿಮಾಡಿಕೊಂಡರು. ಚಿನ್ನ ಬೇಡ, ಕಾರು ಬೇಡ, ಶೆಡ್ಡಿನ ಚೀಲದಲ್ಲಿರುವ ಆ ರಿವರ್ಸ್ ಗೇರ್ ಒಂದು ಕೊಟ್ಟರೆ ಸಾಕು ಅಂದರು. ತಾನೆಂಥ ಉದಾರಿ ಎಂದು ಅವರಿಗೇ ಹೆಮ್ಮೆಯಾಯಿತು. ಸೋಮಶೇಖರಪ್ಪನವರು ತಮಾಷೆಯೆಂದುಕೊಂಡು ನಕ್ಕರು.

"ತಮಾಷೆ ಅಲ್ಲ ಯಜಮಾನ್ರೇ. ಗೇರ್ ಕೊಡೋದಾದ್ರೆ ಮುಂದಿನ ಮಾತು ಇವತ್ತೇ ಮುಗಿಸೋಣ."

"ಕೊಡ್ದೇ ಇದ್ರೆ?" ಬಾಗಿಲ ಹತ್ತಿರ ನಿಂತಿದ್ದ ನಿಶ್ಚಿತಾ ಕೇಳಿದಳು.

ಪ್ರೇಮಕ್ಕ ಗಂಡನ ತೊಡೆ ಜಿಗುಟಿದಳು. ಪ್ರಯೋಜನವಾಗಲಿಲ್ಲ. ಅವರು ಸ್ವಲ್ಪ ಯೋಚಿಸಿ ಪ್ರಾಮಾಣಿಕವಾಗಿಯೇ ಹೇಳಿದರು. "ಕೊಡ್ದೇ ಇದ್ರೆ ಸ್ವಲ್ಪ ಯೋಚ್ನೆ ಮಾಡ್ಬೇಕಾಗುತ್ತೆ."

ನಿಶ್ಚಿತಾ ನೇರ ಶೆಡ್ಡಿಗೆ ಹೋದಳು. ಗೇರನ್ನು ತಂದು ಎಲೆಅಡಿಕೆಯ ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದಳು. "ಇಷ್ಟು ದೂರ ಬಂದಿದ್ದು ಇದಕ್ಕೇ ಅಲ್ವಾ, ತಗೊಂಡು ಹೋಗಿ. ನಾನು ಬರಲ್ಲ."

ಮಾನ ಇದ್ದವನಾಗಿದ್ದರೆ ಅದನ್ನು ಅಲ್ಲೇ ಬಿಟ್ಟು ತಲೆತಗ್ಗಿಸಿ ಬರುತ್ತಿದ್ದ. ಇವರು ಎರಡೂ ಕೈಯಲ್ಲಿ ತೆಗೆದುಕೊಂಡು ಶಲ್ಯದಲ್ಲಿ ಸುತ್ತಿಕೊಂಡರು. ಕಾರಿನಲ್ಲಿ ಯಜಮಾನರೊಬ್ಬರೇ ಆ ಕಾಲದ ಉಕ್ಕಿನ ಗುಣ ವರ್ಣಿಸುತ್ತಾ ಬಂದರು.

ರೇಣುಕಪ್ಪ ಬಂದು ಎರಡು ದಿನ ಕೂತು ಗೇರ್ ಕೂರಿಸಿದ. ಹದಿನಾಲ್ಕು ವರ್ಷದ ಮೇಲೆ ಟ್ರಾಕ್ಟರ್ ಹಿಂದಕ್ಕೆ ಹೋಯಿತು. ಯಜಮಾನರು ಅಂಗಳದಲ್ಲಿ ಹಿಂದೆ ಹೋದರು, ರಸ್ತೆಯಲ್ಲಿ ಹಿಂದೆ ಹೋದರು, ಹಾಲಿನ ಡೈರಿಯವರೆಗೂ ಹಿಂದೆಯೇ ಹೋಗಿ ಜನರಿಗೆ ತೋರಿಸಿದರು. ಅಷ್ಟು ಹೊತ್ತಿಗೆ ಗೇರಿನ ಕಥೆ ಅವರಿಗಿಂತ ಮೊದಲೇ ಕೊಪ್ಪ, ಶೃಂಗೇರಿ ಮುಟ್ಟಿಯಾಗಿತ್ತು. ದಲ್ಲಾಳಿ ಫೋನ್ ಎತ್ತುವುದನ್ನೇ ಬಿಟ್ಟ. ಎತ್ತಿದ ಒಂದು ದಿನ, ನಿಮ್ಮ ಮನೆಗೆ ಹೆಣ್ಣು ಕೊಡೋದಿರಲಿ, ಹಳೇ ಸೈಕಲ್ ತೋರಿಸೋಕೂ ಜನ ಹೆದರ್ತಾರೆ ಎಂದು ಪ್ರೇಮಕ್ಕನಿಗೆ ಹೇಳಿದನಂತೆ. ಬಸವೇಶ ಟ್ರಾಕ್ಟರಿನ ಕಡೆ ತಿರುಗಿಯೂ ನೋಡಲಿಲ್ಲ. ತೋಟಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಉಣ್ಣುತ್ತಿದ್ದ.

ಮುಂದೊಂದು ಭಾನುವಾರ ಯಜಮಾನರು ಕೊಪ್ಪದಲ್ಲೊಂದು ಮದುವೆ ಊಟ ಮುಗಿಸಿ ಬರುವಷ್ಟರಲ್ಲಿ ಟ್ರಾಕ್ಟರ್ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ರೇಣುಕಪ್ಪ ಕೈ ಒರೆಸಿಕೊಳ್ಳುತ್ತಾ ಬೇರೆಲ್ಲೋ ನೋಡಿದ. ಬಸವೇಶ ಆಗಷ್ಟೇ ಬೈಕಿನಿಂದ ಇಳಿಯುತ್ತಿದ್ದ.

"ಗೇರ್ ಎಲ್ಲೋ?"

"ಅವ್ರ ಮನೆಗೆ ಕೊಟ್ಟು ಬಂದೆ ಅಪ್ಪಾಜಿ. ಅದು ನಮ್ದಲ್ಲ. ನಾನು ಅವತ್ತು ಬಂದಿದ್ದು ಹುಡುಗಿ ನೋಡೋಕೆ ಅಂತ ಅವಳಿಗೆ ಹೇಳಿ ಬಂದೆ."

ಯಜಮಾನರು ಕೂಗಾಡಿದರು. ಹೆತ್ತವನ ಹೊಟ್ಟೆಗೆ ಬೆಂಕಿ ಹಾಕಿದೆ ಅಂದರು, ರಾತ್ರಿ ಊಟ ಬಿಟ್ಟರು. ಊಟಕ್ಕೆ ಕರೆಯುವವರು ಯಾರೂ ಬರದಿದ್ದುದರಿಂದ ಬೆಳಿಗ್ಗೆ ತಾವೇ ಬಂದು ತಿಂಡಿಗೆ ಕೂತರು.

ಹತ್ತು ದಿನ ಕಳೆದು ಸೋಮಶೇಖರಪ್ಪನವರ ಫೋನ್ ಬಂತು. ಎತ್ತಿದ್ದು ಪರಮೇಶ್ವರಪ್ಪನವರೇ. ಹುಡುಗ ಬಂದು ಹೋದದ್ದು ಮಗಳಿಗೆ ಹಿಡಿಸಿದೆ, ಮಾತುಕತೆಗೆ ಬನ್ನಿ ಎಂದು ಆ ಕಡೆಯಿಂದ ಹೇಳಿದರು. ಇವರು ಗೆದ್ದವರಂತೆ ಮೀಸೆ ತಿರುವಿ, ಯಾವತ್ತು ಬರಲಿ ಎಂದು ಕೇಳಿದರು. ಸೋಮಶೇಖರಪ್ಪನವರು ದನಿ ತಗ್ಗಿಸಿದರು.

"ತಪ್ಪು ತಿಳ್ಕೋಬೇಡಿ ಯಜಮಾನ್ರೇ. ಹುಡುಗ, ಅವ್ರ ತಾಯಿ ಬಂದ್ರೆ ಸಾಕಂತೆ. ನೀವು ಬರೋದು ಬೇಡ ಅಂತ ನಮ್ಮ ಹುಡುಗಿ ಹೇಳ್ತಾಳೆ."

ಮಗನ ಮದುವೆ ಮಾತಿಗೆ ಅಪ್ಪ ಬೇಡ! ಹೋಗಬೇಡಿ ಎಂದು ಅಬ್ಬರಿಸಲು ಬಾಯಿ ತೆರೆದರು. ಎದುರಿಗೆ ಪ್ರೇಮಕ್ಕ ನಿಂತಿದ್ದಳು. ಮೂವತ್ತೆಂಟು ವರ್ಷದಲ್ಲಿ ಅವಳು ಹಾಗೆ ನೋಡಿದ್ದು ಅದೇ ಮೊದಲು. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಹೊರಡುವ ದಿನ ಬಸವೇಶ ಇಸ್ತ್ರಿ ಮಾಡಿದ ಅಂಗಿ ಹಾಕಿ ಕಾರು ಸ್ಟಾರ್ಟ್ ಮಾಡಿದ. ಪ್ರೇಮಕ್ಕ ಹಣ್ಣು ಹೂವಿನ ಬುಟ್ಟಿ ಹಿಡಿದು ಪಕ್ಕದಲ್ಲಿ ಕೂತಳು. ಪರಮೇಶ್ವರಪ್ಪನವರು ಅಂಗಳದಲ್ಲಿ ನಿಂತಿದ್ದರು. ಅವರಿಗೆ ನಾಚಿಕೆಯಾಗಿತ್ತು, ನಿಜವಾಗಿಯೂ ಆಗಿತ್ತು. ಮಗನಿಗೆ ಒಳ್ಳೆಯದಾಗಲಿ ಎನ್ನಬೇಕು, ನನ್ನದು ತಪ್ಪಾಯಿತು ಎನ್ನಬೇಕು, ಎರಡೂ ಗಂಟಲಿಗೆ ಬಂದಿದ್ದವು. ಕಾರಿನ ಕಿಟಕಿಗೆ ಬಗ್ಗಿದರು. ತಾಯಿ ಮಗ ಇಬ್ಬರೂ ಆ ಮಾತಿಗಾಗಿಯೇ ಕಾದಿದ್ದರು.

"ಪ್ರೇಮಾ, ಆ ಗೇರನ್ನ ತೇವದಲ್ಲಿ ಇಟ್ಟಿದ್ರೆ ಸ್ವಲ್ಪ ಗ್ರೀಸ್ ಹಚ್ಚೋಕೆ ಹೇಳು," ಅಂದರು.

ಪ್ರೇಮಕ್ಕ ಕಿಟಕಿಯ ಗಾಜು ಏರಿಸಿದಳು. ಕಾರು ಹೊರಟಿತು.