ಅವ್ವ ಹಿಂಜಿದ ಕಲ್ನಾರು

ಹೋದ ವರ್ಷದ ಚಳಿಗಾಲದಲ್ಲಿ ಅವ್ವ ರೊಟ್ಟಿ ಬಡಿಯುವಾಗ ನಡುನಡುವೆ ಕೈ ನಿಲ್ಲಿಸತೊಡಗಿದಳು. ಎಡ ಪಕ್ಕೆಯನ್ನು ಮೊಣಕೈಯಿಂದ ಒತ್ತಿ ಹಿಡಿದು ಸುಮ್ಮನೆ ಕೂರುತ್ತಿದ್ದಳು. ತವೆಯ ಮೇಲಿನ ರೊಟ್ಟಿ ಸೀಯುತ್ತಿತ್ತು.

"ಏನಾತಬೇ?"

"ಏನಿಲ್ಲ. ಇಲ್ಲಿ ಯಾರೋ ಕುಂತಂಗ ಆಗೇತಿ."

ಅಂದು ನನ್ನ ಡೈರಿಯಲ್ಲಿ ಬರೆದದ್ದು: ಅವ್ವನಿಗೆ ಗ್ಯಾಸ್. ಜೀರಿಗೆ ನೀರು ಕೊಟ್ಟೆ.

ಈ ಸಾಲನ್ನು ಮೊದಲೇ ಹೇಳಿಬಿಡಬೇಕು. ನಾನು ಕಾಲೇಜು ದಿನಗಳಿಂದ ಡೈರಿ ಬರೆಯುವವಳು. ಈಗ ಕೊಪ್ಪಳದಲ್ಲಿ ಇತಿಹಾಸ ಕಲಿಸುತ್ತೇನೆ. ಸಾಕ್ಷಿಯಿಲ್ಲದೆ ಬರೆಯಬೇಡಿ ಎಂದು ಮಕ್ಕಳಿಗೆ ವರ್ಷವಿಡೀ ಹೇಳುತ್ತೇನೆ. ನನ್ನ ಡೈರಿ ಎಂಥ ಸಾಕ್ಷಿ ಎಂಬುದು ಮಾತ್ರ ಅವ್ವನ ಕಾಯಿಲೆಯಲ್ಲಿ ತಿಳಿಯಿತು. ಕಂಡದ್ದನ್ನು ಬರೆಯುತ್ತಿದ್ದೇನೆ ಅಂದುಕೊಂಡಿದ್ದೆ. ಎಷ್ಟೋ ಕಡೆ, ಬರೆಯಲು ಸುಲಭವಾದದ್ದನ್ನಷ್ಟೇ ಬರೆದಿದ್ದೇನೆ.

ಜೀರಿಗೆ ನೀರಿನ ಮೂರು ವಾರದ ನಂತರ ಎಕ್ಸ್‌ರೇ. ಎಡಗಡೆ ಅರ್ಧಕ್ಕರ್ಧ ಬೆಳ್ಳಗಿತ್ತು. ಪ್ಲೂರಲ್ ಎಫ್ಯೂಷನ್, ಅಂದರೆ ಪುಪ್ಪುಸದ ಸುತ್ತ ನೀರು. ಬೆನ್ನಿಗೆ ಸೂಜಿ ಹಾಕಿ ತೆಗೆದರು. ಕಪ್ಪು ಚಹಾದ ಬಣ್ಣ.

"ನಮ್ಮ ಕಡೆ ಹಿಂಗ ನೀರು ತುಂಬಿದ್ರ ಬಹಳ ಮಾಡಿ ಟಿ.ಬಿ.ನೇ ಇರ್ತೈತ್ರಿ," ಅಂದರು ಕೊಪ್ಪಳದ ಡಾಕ್ಟರು. "ಗುಳಿಗಿ ಚಾಲೂ ಮಾಡೋಣು."

ಗುಳಿಗೆ ಶುರುವಾದವು. ಮೂತ್ರ ಕೇಸರಿಯಾಯಿತು. ಊಟ ಸೇರದಾಯಿತು. ಅವ್ವನ ತಟ್ಟೆ, ಲೋಟ ಬೇರೆ ಮಾಡಿದವಳು ನಾನು. ಅವಳು ತನ್ನ ಲೋಟವನ್ನು ತಾನೇ ತೊಳೆದು ಕಿಟಕಿಯಲ್ಲಿ ಬೋರಲು ಹಾಕುತ್ತಿದ್ದಳು. ಐದು ತಿಂಗಳು ಹೀಗೆ ನಡೆಯಿತು. ಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದಳು. ನೀರು ಮತ್ತೆ ತುಂಬಿತು.

ಅವಳಿಗೆ ಟಿ.ಬಿ. ಇರಲೇ ಇಲ್ಲ.

ಹುಬ್ಬಳ್ಳಿಯಲ್ಲಿ ಪಕ್ಕೆಗೆ ತೂತು ಹಾಕಿ ಬಯಾಪ್ಸಿ ಮಾಡಿದರು. ಹತ್ತು ದಿನಕ್ಕೆ ರಿಪೋರ್ಟು ಬಂತು. ಮೀಸೊಥೀಲಿಯೋಮಾ. ಪುಪ್ಪುಸದ ಹೊದಿಕೆಯ ಕ್ಯಾನ್ಸರ್. ನನಗಿಂತ ಹತ್ತು ವರ್ಷ ಚಿಕ್ಕವಳಾದ ಡಾಕ್ಟರು ನನ್ನನ್ನು ಹೊರಗೆ ಕರೆದು, ಗುಣ ಮಾಡಲು ಆಗುವುದಿಲ್ಲ, ನಿಧಾನ ಮಾಡಬಹುದು ಅಂದಳು. ಒಳಗೆ ಬಂದು ಕೂತು ಅಪ್ಪನ ಕಡೆ ತಿರುಗಿದಳು.

"ಯಾರಾದರೂ ಆಸ್ಬೆಸ್ಟಾಸ್ ಕೆಲಸ ಮಾಡಿದ್ದೀರಾ? ಶೀಟು, ಪೈಪು, ಬಾಯ್ಲರು?"

"ಬಾಯ್ಲರ್ ನಂದರೀ," ಅಂದ ಅಪ್ಪ, ಶಾಲೆಯಲ್ಲಿ ಕೈ ಎತ್ತುವವನ ಹಾಗೆ. "ಗಂಗಾವತಿ ಕಡೆ, ಸಿದ್ದಾಪುರದಾಗ. ರೈಸ್ ಮಿಲ್ಲು. ಇಪ್ಪತ್ತೆರಡು ವರ್ಷ."

ಬಾಯ್ಲರಿನ ಬಾಗಿಲ ಸಂದಿಗೆ, ಹಬೆ ಸೋರುವ ಪೈಪುಗಳಿಗೆ ಸುತ್ತುತ್ತಿದ್ದದ್ದು ಆಸ್ಬೆಸ್ಟಾಸ್ ಹಗ್ಗ. ಕನ್ನಡದಲ್ಲಿ ಕಲ್ನಾರು. ಅಪ್ಪನ ಬಟ್ಟೆ ಒಗೆಯುತ್ತಿದ್ದವರು ಯಾರೆಂದು ಡಾಕ್ಟರು ಕೇಳುತ್ತಿರುವಾಗಲೇ ಅವ್ವ ನಡುವೆ ಬಾಯಿ ಹಾಕಿದಳು.

"ಆ ಬೆಳ್ಳನ ಹಗ್ಗ ಅಲ್ರೀ? ನಾ ಅದನ್ನ ಹಿಂಜಿ ದೀಪಕ್ಕ ಹಾಕ್ತಿದ್ದೆ."

ಡಾಕ್ಟರು ಪೆನ್ನು ನಿಲ್ಲಿಸಿದಳು. "ಕೈಯಿಂದಾನಾ?"

"ಮತ್ತೇನ್ ಕಾಲಿಂದ ಹಿಂಜ್ತಾರೇನ್ರಿ?"

ಅಪ್ಪ ನಕ್ಕ. ಡಾಕ್ಟರು ನಗಲಿಲ್ಲ.

ಅಲ್ಲೇ ಅಪ್ಪನ ಎಕ್ಸ್‌ರೇಯನ್ನೂ ತೆಗೆಸಿದರು. ಅಲ್ಲಲ್ಲಿ ಸುಣ್ಣ ಸಿಡಿದಂಥ ಕಲೆಗಳು. ಸದ್ಯಕ್ಕೆ ತೊಂದರೆಯಿಲ್ಲ, ವರ್ಷಕ್ಕೊಮ್ಮೆ ತೋರಿಸಿ ಅಂದರು. ನನ್ನದೂ ತೆಗೆಸಿದೆ. ಏನೂ ಇಲ್ಲ. ಎಕ್ಸ್‌ರೇ ಇವತ್ತಿನದನ್ನು ಹೇಳುತ್ತದೆ, ನಾಳೆಯದನ್ನಲ್ಲ. ಎಪ್ಪತ್ತಾರರ ಅಪ್ಪ ಲಿಫ್ಟಿಗೆ ಹೆದರಿ ಮೂರು ಮಹಡಿ ಹತ್ತಿ ಬರುತ್ತಿದ್ದ. ಅವ್ವ ಗಾಲಿಕುರ್ಚಿಯಲ್ಲಿ ಕೂತು ಅವನು ಹತ್ತುವುದನ್ನು ನೋಡುತ್ತಿದ್ದಳು. ಆಗ ಅವಳ ಮುಖದಲ್ಲಿದ್ದದ್ದು ಪ್ರೀತಿ ಎಂದು ಬರೆದುಬಿಡಬಹುದು. ಗೊತ್ತಿಲ್ಲ.

ಬತ್ತಿಯ ವಿಷಯ ಹೇಳಬೇಕು.

ಸಿದ್ದಾಪುರದ ಓಣಿಯಲ್ಲಿ ಅವ್ವನ ಬತ್ತಿಗೆ ಹೆಸರಿತ್ತು. ಮಧ್ಯಾಹ್ನ ಕಟ್ಟೆಗೆ ಕೂತು ಹತ್ತಿ ಹಿಂಜಿ, ಮೊಣಕಾಲ ಮೇಲೆ ಹೊಸೆದು, ಕೇಳಿದವರಿಗೆಲ್ಲ ಕೊಡುತ್ತಿದ್ದಳು. 1997ರ ಸುಮಾರಿಗೆ ಅಪ್ಪ ಬಾಯ್ಲರಿನ ಹಳೇ ಹಗ್ಗದ ತುಂಡುಗಳನ್ನು, ಬಿಸಿ ಪಾತ್ರೆ ಇಳಿಸಲು ಇರಲೆಂದು ಮನೆಗೆ ತರತೊಡಗಿದ. ಒಂದು ದಿನ ಅವ್ವ ಅದರ ತುದಿ ಬಿಚ್ಚಿ ನೋಡಿದಳು. ಹತ್ತಿಗಿಂತ ನಯ. ರೇಷ್ಮೆಯ ಹೊಳಪು. ಹೊಸೆದು ಎಣ್ಣೆಯಲ್ಲಿಟ್ಟು ಹಚ್ಚಿದಳು. ಎಣ್ಣೆ ತೀರಿತು, ಬತ್ತಿ ಹಾಗೇ ಇತ್ತು. ಕಪ್ಪಾದರೆ ಒಲೆಯ ಕೆಂಡದಲ್ಲಿಟ್ಟು ತೆಗೆದರೆ ಮತ್ತೆ ಬೆಳ್ಳಗೆ. ಓಣಿಯ ಹೆಂಗಸರು ಸಾಲುಗಟ್ಟಿದರು. ಹಳೆಯ ತುಂಡು ಸಾಲದೆ ಹೊಸ ಹಗ್ಗದ ಚೀಲವೂ ಬಂತು. ಕುಕನೂರಿನಿಂದ ಅವ್ವನ ತಂಗಿ ದ್ಯಾಮವ್ವ, ನನ್ನ ಚಿಗವ್ವ, ತನ್ನ ಬಾಣಂತನಕ್ಕೆ ಬಂದವಳು ಆರು ತಿಂಗಳು ಅಕ್ಕನ ಎದುರು ಕೂತು ಹಿಂಜಿದಳು. ಈ ಕೆಲಸ ಮೂರು ವರ್ಷ ನಡೆಯಿತು.

ಕಟ್ಟೆಯ ಮೇಲೆ ಬಿಸಿಲು ಬೀಳುವಾಗ ಗಾಳಿಯಲ್ಲಿ ಎಳೆಗಳು ತೇಲುತ್ತಿದ್ದವು. ಅವ್ವನ ಹುಬ್ಬಿನ ಮೇಲೆ ಕೂರುತ್ತಿದ್ದವು. ಇದು ನನಗೆ ನೆನಪಿದೆ. ನೆನಪಿದೆ ಎಂದು ಅನಿಸುತ್ತದೆ.

ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದಾಗ ಅದೇ ಕಟ್ಟೆಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ. ಈಗ ತಿಳಿದುಬಂದಂತೆ, ಆ ಸರಕಿನ ಚೀಲಗಳ ಮೇಲೆ ಎಚ್ಚರಿಕೆ ಅಚ್ಚು ಹಾಕುತ್ತಿದ್ದರು: ಇದರ ಧೂಳು ಉಸಿರಾಡುವುದು ಅಪಾಯ. ಇಂಟರ್‌ನೆಟ್ಟಿನಲ್ಲಿ ಅಂಥ ಚೀಲದ ಚಿತ್ರ ನೋಡಿದೆ. ನೋಡಿದ ಕೂಡಲೇ ನಮ್ಮ ಕಟ್ಟೆಯ ಚೀಲ ಕಣ್ಣ ಮುಂದೆ ಬಂತು, ಅಕ್ಷರ ಸಮೇತ. ಅದು ನಿಜವಾದ ನೆನಪೋ, ಆ ಚಿತ್ರ ಹಿಂದಕ್ಕೆ ಹೋಗಿ ಅಲ್ಲಿ ಅಂಟಿಕೊಂಡಿದ್ದೋ?

ನಾನು ಅದನ್ನು ಓದಿದ್ದೆನೇ?

ಅಪ್ಪನನ್ನು ಕೇಳಿದೆ. "ಚೀಲದ ಮ್ಯಾಲೆ ಏನರ ಬರದಿತ್ತೇನಪ್ಪಾ?"

"ಇಂಗ್ಲೀಷ್ ಇತ್ತವಾ. ನೀನ ಓದಿ ಹೇಳಿದ್ಯಲ್ಲ."

"ಏನಂತ ಹೇಳಿದ್ದೆ?"

"ಕಲ್ಲು ಅಂದಿ. ಇದು ಕಲ್ಲಿನ ನೂಲು, ಹಿಂದಕ ರಾಜರು ಇದರ ಬಟ್ಟಿ ಮಾಡಿಸ್ತಿದ್ರು ಅಂತ ಭಾಳ ಹೊತ್ತು ಹೇಳಿದಿ. ನಿಮ್ಮವ್ವ ಖುಷಿ ಆದ್ಲು."

ಇದು ನನ್ನ ಮಾತೇ. ಆ ವಯಸ್ಸಿನಲ್ಲಿ ನಾನು ಹಾಗೆಯೇ ಮಾತಾಡುತ್ತಿದ್ದೆ. ಆದರೆ ಅಪ್ಪನ ನೆನಪಿಗೂ ಒಂದು ಅನುಕೂಲವಿದೆ. ಚೀಲ ತಂದವನು ಅವನು. ಓದಿದವಳು ನಾನಾದರೆ ಅವನ ಭಾರ ಇಳಿಯುತ್ತದೆ. ಅಪ್ಪನ ಬಗ್ಗೆ ಹೀಗೆ ಯೋಚಿಸುವಂತೆ ಮಾಡಿತು ಈ ಕಾಯಿಲೆ. ಮಿಲ್ಲಿನವರನ್ನು ಕೇಳೋಣವೆಂದರೆ ಮಿಲ್ಲೇ ಇಲ್ಲ. ಜಾಗ ಪ್ಲಾಟುಗಳಾಗಿದೆ. ಮಾಲೀಕರ ಮಗ ಫೋನಿನಲ್ಲಿ, "ಆವಾಗ ಎಲ್ಲಾರೂ ಅದನ್ನ ಹಾಕ್ತಿದ್ರು ಮೇಡಂ" ಅಂದ. ಎಲ್ಲಾರೂ ಎಂಬ ಮಾತು ಎಷ್ಟು ಸಲೀಸಾಗಿ ಬಾಯಿಂದ ಬರುತ್ತದೆ. ಅವರ ಮನೆಯಲ್ಲಿ ಯಾರೂ ಅದನ್ನು ಹಿಂಜಲಿಲ್ಲ.

ಕೊನೆಗೆ ಅಟ್ಟದಿಂದ, ಆ ಚೀಲ ಬಂದ ವರ್ಷದ ಡೈರಿ ಇಳಿಸಿದೆ. ದೀಪಾವಳಿ ರಜೆಯ ಪುಟ ಸಿಕ್ಕಿತು.

"ಅಪ್ಪ ಹೊಸ ಹಗ್ಗ ತಂದಿದ್ದಾನೆ. ಅವ್ವ, ಚಿಗವ್ವ ಹಿಂಜುತ್ತಿದ್ದಾರೆ. ಚೀಲದ ಮೇಲೆ ಏನೇನೋ ಇಂಗ್ಲಿಷ್."

ಏನೇನೋ.

ಅದರ ಕೆಳಗೆ ಒಂದೂವರೆ ಪುಟ, ನಾನು ಆಗ ಓದುತ್ತಿದ್ದ ಪುಸ್ತಕದ ಟಿಪ್ಪಣಿ. ಇಟಗಿಯ ಗುಡಿಯ ಶಾಸನ ಓದಲು ಹೋಗಿ ಸವೆದ ಅಕ್ಷರಗಳಿಗೆ ದಿನವಿಡೀ ಭೂತಗನ್ನಡಿ ಹಿಡಿದವಳು ನಾನು. ಕಟ್ಟೆಯ ಮೇಲಿನ ಅಚ್ಚ ಹೊಸ ಅಕ್ಷರಗಳಿಗೆ ನಾನು ಕೊಟ್ಟದ್ದು ಈ ಒಂದು ಪದ. ಓದಿದ್ದೆನೋ, ಓದಿ ಲೆಕ್ಕಿಸಲಿಲ್ಲವೋ, ಓದಲೇ ಇಲ್ಲವೋ? ಮೂರರಲ್ಲಿ ಯಾವುದಾದರೂ ಆಗಬಹುದು. ಯಾವುದೂ ನನ್ನನ್ನು ಉಳಿಸುವುದಿಲ್ಲ.

ಮೂರನೆಯ ಕೀಮೊ ಆದ ವಾರ, ಮಧ್ಯಾಹ್ನ. ಅವ್ವ ಎಡಮಗ್ಗುಲಿಗೆ ದಿಂಬು ಒತ್ತಿಕೊಂಡು ಮಲಗಿದ್ದಳು. ಬಾಯಲ್ಲಿ ಹುಣ್ಣು, ಗಂಜಿ ಮಾತ್ರ.

"ಈರಮ್ಮಾಯಿ ಆವಾಗ ಬೈದಿದ್ಲು," ಅಂದಳು. ಈರಮ್ಮಾಯಿ ಸಿದ್ದಾಪುರದ ಪಕ್ಕದ ಮನೆಯ ಮುದುಕಿ. "'ಬತ್ತಿ ಸುಡಬೇಕು ಶಾಂತವ್ವಾ. ನೀ ದೀಪಾನ ಉಪವಾಸ ಕೆಡವೀದಿ' ಅಂದ್ಲು. ಅದಕ್ಕ ಬಂತೇನ ಇದು ನನಗ?"

ಹೀಗೆ ಅವಳು ಕೇಳಿದ್ದು ಮೊದಲ ಸಲವಲ್ಲ. ಪ್ರತಿ ಸಲ ನಾನು, ಸುಮ್ಮನಿರಬೇ, ಅಂತ ಮಾತು ಮರೆಸುತ್ತಿದ್ದೆ. ಹೇಳಿದರೆ ಏನಾದೀತು ಎಂಬ ಹೆದರಿಕೆ. ಉಳಿದಿರುವ ದಿನಗಳಲ್ಲಿ ಅವಳು ನನ್ನನ್ನು ದ್ವೇಷಿಸಿದರೆ? ಆದರೆ ಮಾಡದ ಪಾಪವೊಂದನ್ನು ಹೊತ್ತುಕೊಂಡು ಅವಳು ಹೋಗುವುದನ್ನು ನೋಡುತ್ತ, ಅದರ ನೆರಳಿನಲ್ಲಿ ನಾನು ತಣ್ಣಗೆ ಕೂತಿದ್ದೆ.

"ಅಲ್ಲಬೇ. ದೀಪಕ್ಕ ಅಲ್ಲ, ಧೂಳಿಗೆ ಬಂತು. ಆ ಎಳಿ ಉಸಿರಿನ್ಯಾಗ ಹೋಗಿ ಒಳಗ ಚುಚ್ಚಿಕೊಂಡು ಕುಂತಾವು. ಚೀಲದ ಮ್ಯಾಲೆ ಬರದಿತ್ತು. ನಾ..."

ಡೈರಿ ತಂದು ಆ ಸಾಲು ಓದಿದೆ. ಎರಡನೆಯ ಸಲ ಓದು ಅಂದಳು. ಓದಿದೆ.

ದಿಂಬನ್ನು ಪಕ್ಕೆಗೆ ಇನ್ನಷ್ಟು ಒತ್ತಿಕೊಂಡಳು.

"ಎಂ.ಎ. ಓದಾಕ ಹತ್ತಿದ್ದಿ."

"ಹೂಂ."

"ಹೇಳಿದ್ರ ನಾ ಬಿಡ್ತಿದ್ನೋ ಇಲ್ಲೋ. ನನಗೂ ಗೊತ್ತಿಲ್ಲ. ಆದ್ರ ನೀ ಹೇಳಲಿಲ್ಲ."

ಕ್ಷಮಿಸಿದೆ ಅನ್ನಲಿಲ್ಲ. ಅತ್ತಿದ್ದರೆ ನಾನೂ ಅಳಬಹುದಿತ್ತು. ಅಳಲಿಲ್ಲ. ಸ್ವಲ್ಪ ಹೊತ್ತಿಗೆ, "ಯಾರ್ಯಾರಿಗೆ ಕೊಟ್ಟೀನಿ, ಬರಕೋ" ಅಂದಳು. ಓಣಿಯ ಈ ತುದಿಯಿಂದ ಆ ತುದಿಗೆ, ಮನೆ ಮನೆ ಹೆಸರು ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಅಂದಿನಿಂದ ತನ್ನ ನೋವನ್ನು ಅಪ್ಪನಿಗೆ ಹೇಳುತ್ತಾಳೆ. ಅಪ್ಪ ಬಂದು ನನಗೆ ಹೇಳುತ್ತಾನೆ. ಸೇವೆಯನ್ನು ನನ್ನಿಂದ ಮಾಡಿಸಿಕೊಳ್ಳುತ್ತಾಳೆ. ಮಾತು ಮಾತ್ರ ಅಷ್ಟಕ್ಕಷ್ಟೆ.

ಆ ಪಟ್ಟಿ ಹಿಡಿದು, ಉಳಿದಿರುವ ಬತ್ತಿಗಳನ್ನು ವಾಪಸ್ ತರಲು ಸಿದ್ದಾಪುರಕ್ಕೆ ಹೋದೆ. ಪಟ್ಟಿಯ ಮೊದಲ ಮನೆಯ ಸುಬ್ಬಮ್ಮ ಬಾಗಿಲಲ್ಲೇ ನಿಲ್ಲಿಸಿದಳು. "ಕೊಟ್ಟಿದ್ದನ್ನ ವಾಪಸ್ ಕೇಳಾಕ ಇಷ್ಟು ವರ್ಷ ಬೇಕಾತೇನಮ್ಮಾ ಪ್ರೊಫೆಸರಮ್ಮಾ? ಎಣ್ಣೀನೂ ವಾಪಸ್ ಒಯ್ತೀಯೇನ?" ವಿಷಯ ಹೇಳಿದ ಮೇಲೆ ನಗು ನಿಲ್ಲಿಸಿ ದೇವರ ಗೂಡಿನಿಂದ ಒಂದು ಬತ್ತಿ ತಂದು, ಕೈ ದೂರ ಚಾಚಿ ಕೊಟ್ಟಳು. ಬಹಳ ಮಂದಿ ಎಂದೋ ಎಸೆದಿದ್ದರು. ಬತ್ತಿ ಹಚ್ಚಿದವರಿಗಿಂತ ಹಿಂಜಿದವರಿಗೇ ಅಪಾಯ ಹೆಚ್ಚು ಎಂದು ಡಾಕ್ಟರು ಹೇಳಿದ್ದನ್ನು ಎಲ್ಲರಿಗೂ ಹೇಳಿದೆ. ಈರಮ್ಮಾಯಿಯ ಮನೆಯಲ್ಲಿ ಅವಳ ಮೊಮ್ಮಗಳಿದ್ದಳು. "ನಮ್ಮವ್ವಾನೂ ನಿಮ್ಮವ್ವನ ಕೂಡ ಕುಂತು ಹಿಂಜ್ತಿದ್ಲಂತ್ರಿ. ದಮ್ಮಿನಿಂದ ಹೋದ್ಲು. ಟಿ.ಬಿ. ಗುಳಿಗಿ ಕೊಟ್ಟಿದ್ರು."

ಅದೂ ಇದೇ ಎಂದು ಬರೆಯಲು ನನ್ನ ಬಳಿ ಸಾಕ್ಷಿಯಿಲ್ಲ. ಬರೆಯದೆ ಬಿಡಲೂ ಆಗಲಿಲ್ಲ.

ಡಾಕ್ಟರು ಹೇಳಿದಂತೆ ಬತ್ತಿಗಳನ್ನು ನೀರಲ್ಲಿ ನೆನೆಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: ವಿಷ. ಬಿಚ್ಚಬೇಡಿ. ಧೂಳು ಉಸಿರಾಡಬೇಡಿ. ಮೂರನೆಯ ಇಯತ್ತೆಯವರೆಗೆ ಓದಿದ ಅವ್ವ ಅದನ್ನು ಅಕ್ಷರ ಕೂಡಿಸಿ ಓದಿದಳು.

"ಕನ್ನಡದಾಗ ಇಷ್ಟ ಬರೀಲಿಕ್ಕೆ ಅವರಿಗೇನಾಗಿತ್ತು?"

ಅವರಿಗೆ ಅಂದಳು. ನಿನಗೆ ಅನ್ನಲಿಲ್ಲ. ಇದನ್ನು ದೊಡ್ಡದು ಮಾಡಿಕೊಳ್ಳಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆ ಚೀಲವನ್ನು ಎಲ್ಲಿ ಒಪ್ಪಿಸಬೇಕೆಂದು ಕೇಳಿದ್ದಕ್ಕೆ, "ಕಸದ ಗಾಡಿ ಬರ್ತೈತಲ್ರಿ" ಅಂದರು ನಗರಸಭೆ ಕಚೇರಿಯಲ್ಲಿ. ಒಪ್ಪಿಸಿಲ್ಲ. ಇನ್ನೂ ಕೇಳುತ್ತಿದ್ದೇನೆ.

ಪಟ್ಟಿಯಲ್ಲಿ ಉಳಿದದ್ದು ಚಿಗವ್ವ. ಫೋನಿನಲ್ಲಿ ಎಷ್ಟು ಹೇಳಿದರೂ ಎಕ್ಸ್‌ರೇಗೆ ಒಲ್ಲೆ ಅಂದಿದ್ದಳು. ಹೋದ ವಾರ, ನೀರು ತೆಗೆಸಿದ ಮರುದಿನ, ಅವ್ವ ತಾನೇ ಬರುತ್ತೇನೆ ಅಂದಳು. ಉಸಿರು ಸ್ವಲ್ಪ ಸಲೀಸಾಗಿರುವ ದಿನಗಳು ಅವು. ಇಂಥ ನಾಲ್ಕು ದಿನ ಸಿಗುತ್ತವೆ ಎಂಬುದಕ್ಕೆ ಹುಬ್ಬಳ್ಳಿಯ ಆ ಡಾಕ್ಟರಿಗೆ ಋಣಿಯಾಗಿದ್ದೇನೆ. ಕಾರಿನಲ್ಲಿ ಕುಕನೂರಿಗೆ ಕರೆದುಕೊಂಡು ಹೋದೆ.

ಚಿಗವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅಕ್ಕನನ್ನು ಕಂಡು ಕೈ ನಿಂತಿತು. ನೋಡಿ ಎಂಟು ತಿಂಗಳಾಗಿತ್ತು.

"ಅಕ್ಕಾ, ಎಷ್ಟು ಇಳದಿ ಬೇ!"

"ನೀ ದವಾಖಾನಿಗೆ ನಡಿ," ಅಂದಳು ಅವ್ವ. ಕಟ್ಟೆಗೆ ಕೂತು ಉಸಿರು ಎಳೆದುಕೊಂಡಳು. "ಎದಿ ತೋರ್ಸು."

"ಯಾಕ? ನನಗೇನ್ ಧಾಡಿ ಆಗೇತಿ? ಎರಡ ಚೀಲ ಹೊರ್ತೀನಿ ಈಗೂ. ಕೆಮ್ಮಿಲ್ಲ, ಜ್ವರಿಲ್ಲ. ನನಗೇನೂ ಆಗಿಲ್ಲಕ್ಕಾ."

"ನನಗೂ ಆಗಿದ್ದಿಲ್ಲ."

ಚಿಗವ್ವ ಮಡಿಲಲ್ಲಿದ್ದ ಶೇಂಗಾ ಸಿಪ್ಪೆಯನ್ನು ಕೊಡವಿದಳು. ಒಳಗೆ ಹೋದಳು. ಹೊರಗೆ ಬಂದಾಗ ಬೇರೆ ಸೀರೆ ಉಟ್ಟಿದ್ದಳು, ಕೈಯಲ್ಲಿ ಆಧಾರ್ ಕಾರ್ಡು.

ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕ ತಂಗಿ ಕೂತರು. ಊರು ದಾಟಿ ರಸ್ತೆಯ ತಗ್ಗುಗಳು ಶುರುವಾದವು. ಕನ್ನಡಿಯಲ್ಲಿ ಅವ್ವನ ಹುಬ್ಬು ಗಂಟಿಕ್ಕಿದ್ದು ಕಾಣುತ್ತಿತ್ತು. ಅಪ್ಪ ಜೊತೆಗಿರಲಿಲ್ಲ.

"ಸಾವಕಾಶ ಹೊಡಿ," ಅಂದಳು, ನನಗೆ. "ಅಲುಗಿದ್ರ ಎಡಗಡೆ ಭಾಳ ನೂಸ್ತೈತಿ."

ನಾನು ವೇಗ ಇಳಿಸಿದೆ.